ಮದ್ದಿಲ್ಲದ ಮನೆಮದ್ದು: ಏಳಕ್ಕೆ ಬೀಳುತ್ತಿದ್ದ ಪೆಲೆಟ್ಟಿನ ಪ್ರಕರಣ

2025ರ ಜೂನ್ ಕೊನೆ. ಪುಣೆಯ ಪಿಂಪಳೆ ಗುರವದ ಅಣ್ಣನ ಮನೆಯಲ್ಲಿ ರವಿವಾರದ ಊಟ. ಅಣ್ಣನ ಮಗಳು ತಟ್ಟೆ ಪಕ್ಕಕ್ಕೆ ಸರಿಸಿ, ಚೀಲದಿಂದ ಒಂದು ತಗಡಿನ ಡಬ್ಬಿ ತೆಗೆದು ನನ್ನ ಮುಂದಿಟ್ಟಳು.

“ಕಾಕಾ, ಈ ಪೆಲೆಟ್ ಛಲೋ ಇಲ್ರಿ. ಒಂದೊಂದಾ ತೂಗಿ ಬ್ಯಾರೆ ಮಾಡಿ ಕೊಡ್ರಿ.”

ಅವಳಿಗೆ 15 ವರ್ಷ. ಹತ್ತು ಮೀಟರ್ ಏರ್ ಪಿಸ್ತೂಲ್ ಹೊಡೆಯುತ್ತಾಳೆ. ಪೆಲೆಟ್ ಅಂದರೆ ಅದರ ಪುಟ್ಟ ಸೀಸದ ಗುಂಡು. ಶುರು ಮಾಡಿ ಎರಡೂವರೆ ವರ್ಷ ಆಗಿತ್ತು. ಮೊದಲು ತರಬೇತಿ ಕೇಂದ್ರದ ಪಿಸ್ತೂಲೇ ಗತಿ. 2024ರ ಆಗಸ್ಟ್ 1ರಂದು ಪ್ಯಾರಿಸ್ ಒಲಿಂಪಿಕ್ಸಿನ ಶೂಟಿಂಗಿನಲ್ಲಿ ಸ್ವಪ್ನಿಲ್ ಕುಸಾಳೆ ಕಂಚು ಗೆದ್ದರಲ್ಲ, ಅವರು ಕೊಲ್ಲಾಪುರದ ಕಡೆಯವರು, ಪುಣೆಯಲ್ಲೇ ರೈಲ್ವೆ ನೌಕರಿ. ಆ ವಾರ ಪುಣೆಯಲ್ಲಿ ಎಲ್ಲಿ ನೋಡಿದರೂ ಅದೇ ಮಾತು. ಅಣ್ಣ ಕರಗಿದ. ಸೆಪ್ಟೆಂಬರಿನಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಮ್ಯಾಚ್ ಪಿಸ್ತೂಲು ಮನೆಗೆ ಬಂತು.

ಏಪ್ರಿಲ್ ತನಕ ಎಲ್ಲ ಸರಿ ಇತ್ತು. 60 ಹೊಡೆತಕ್ಕೆ 600 ಅಂಕದಲ್ಲಿ ಹುಡುಗಿ 550 ಮುಟ್ಟಿದ್ದಳು. ಮೇ ತಿಂಗಳಿಂದ 540ಕ್ಕೆ ಜಾರಿತು. ಪೂರ್ತಿ ಆಟ ಕೆಟ್ಟಿರಲಿಲ್ಲ. ಒಂಬತ್ತು, ಹತ್ತು, ಒಂಬತ್ತು, ಹತ್ತು ಅಂತ ಚೆನ್ನಾಗಿ ಹೋಗುತ್ತಿದ್ದದ್ದು, ನಡುವೆ ಒಂದು ಸುಮ್ನೆ ಏಳಕ್ಕೆ ಬೀಳುವುದು. 60ರಲ್ಲಿ ಇಂಥವು ನಾಲ್ಕೈದು. ಅದೂ ಹೆಚ್ಚಾಗಿ ಎಡಗಡೆ ಕೆಳಗೆ.

ನಾನು ಭೋಸರಿಯ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಇನ್‌ಸ್ಪೆಕ್ಷನ್ ನೋಡಿಕೊಳ್ಳುತ್ತೇನೆ. ಜಮಖಂಡಿ ಬಿಟ್ಟು ಇಲ್ಲಿಗೆ ಬಂದು ಇಪ್ಪತ್ತು ವರ್ಷದ ಮೇಲಾಯಿತು. ದಿನವಿಡೀ ಮೈಕ್ರೋಮೀಟರ್ ಹಿಡಿದು ಕೂರುವವನ ಮುಂದೆ ಯಾರಾದರೂ ‘ಅಳೆದು ಕೊಡ್ರಿ’ ಅಂದರೆ ಕೇಳಬೇಕೇ? ಏನನ್ನು ಅಳೆಯಬೇಕು, ಯಾಕೆ ಅಳೆಯಬೇಕು ಅಂತ ಒಂದು ಮಾತೂ ಕೇಳದೆ ಡಬ್ಬಿ ಜೇಬಿಗಿಳಿಸಿದೆ. ಮುಂದಿನ ಮೂರು ವಾರ ಹಾಳಾದದ್ದು ಅದರಿಂದಲೇ.

ಹುಚ್ಚು ಎಲ್ಲಿಂದ ಬಂತು

ನನಗೊಂದು ಚಟ ಇದೆ. ಅಮೆರಿಕದಲ್ಲಿ ಕಾಡತೂಸು ಮರುಭರ್ತಿ ಮಾಡುವ ಹವ್ಯಾಸಿಗಳ ವಿಡಿಯೋ ನೋಡುವುದು. ಅಲ್ಲಿ ಅದು ದೊಡ್ಡ ಹವ್ಯಾಸ. ಹೊಡೆದು ಬಿದ್ದ ಹಿತ್ತಾಳೆ ಕೇಸು ಆರಿಸಿಕೊಂಡು, ತೊಳೆದು, ಅಳತೆಗೆ ತಂದು ಮತ್ತೆ ತುಂಬುತ್ತಾರೆ. ಅವರು ತುಂಬುವುದರ ಮೇಲೆ ನನಗೆ ಆಸಕ್ತಿ ಇಲ್ಲ. ಆದರೆ ಅವರ ಜುಗಾಡು ನೋಡಬೇಕು! ಕೇಸು ನಿಲ್ಲಿಸಲು ಮರದ ದಿಮ್ಮಿಗೆ ಸಾಲಾಗಿ ತೂತು ಕೊರೆದ ಹಲಗೆ. ಹಳೇ ಮೋಟರಿಗೆ ಪ್ಲಾಸ್ಟಿಕ್ ಡಬ್ಬ ಕಟ್ಟಿ, ಒಳಗೆ ಅಕ್ರೋಟಿನ ಚಿಪ್ಪಿನ ಪುಡಿ ಹಾಕಿ ಹಿತ್ತಾಳೆ ಉಜ್ಜುವ ಡ್ರಮ್ಮು. ತಕ್ಕಡಿ ಸರಿಯಿದೆಯಾ ಅಂತ ನೋಡಲು ತೂಕ ಗೊತ್ತಿರುವ ನಾಣ್ಯ. ಕಾರಿನ ಚಕ್ರ ಬ್ಯಾಲೆನ್ಸ್ ಮಾಡಲು ಹಾಕುತ್ತಿದ್ದ ಸೀಸದ ತುಂಡು ಕರಗಿಸಿ ಗುಂಡು ಎರಕ ಹೊಯ್ಯುವವರೂ ಇದ್ದಾರೆ. ದುಬಾರಿ ಸಾಮಾನು ಕೊಳ್ಳದೆ ಮನೆಯಲ್ಲೇ ಏನಾದರೂ ಮಾಡಿಕೊಳ್ಳುವ ಬುದ್ಧಿ ಇದೆಯಲ್ಲ, ಅದು ನಮ್ಮ ಭೋಸರಿಯವರದ್ದೇ ಜಾತಿ.

ನಮ್ಮಲ್ಲಿ ಅದು ಹವ್ಯಾಸ ಅಲ್ಲ. 1959ರ ಆಯುಧ ಕಾಯ್ದೆಯ 5ನೇ ಕಲಮಿನ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ದುಗುಂಡು ತಯಾರಿಸುವುದು ಅಪರಾಧ. ಜೈಲಿಗೆ ಹೋಗುವ ಬಾಬತ್ತು. ಈ ಪ್ರಕರಣದಲ್ಲಿ ಮದ್ದಿನ ಮಾತೇ ಇಲ್ಲ. ಏರ್ ಪಿಸ್ತೂಲಿನ ಪೆಲೆಟ್ ಅಂದರೆ ಬರೀ ಸೀಸದ ಚೂರು. 4.5 ಮಿಮೀ ವ್ಯಾಸ, ಚಪ್ಪಟೆ ತಲೆ, ಸಣ್ಣ ಸೊಂಟ, ಕೆಳಗೆ ಲಂಗದ ಹಾಗೆ ಅರಳಿದ ಅಂಚು. ತಳ್ಳುವುದು ಒತ್ತಿದ ಗಾಳಿ. 4.5 ಮಿಮೀ ವ್ಯಾಸದ, 20 ಜೌಲ್ ಮೀರದ ಏರ್‌ಗನ್ನಿಗೆ ಲೈಸೆನ್ಸ್ ಬೇಡ. ಇವಳ ಪಿಸ್ತೂಲು 5 ಜೌಲ್ ಆಸುಪಾಸಿನದು.

ಹಾಗಾಗಿ ಮರುಭರ್ತಿಯವರ ಪಾಠದಲ್ಲಿ ನನಗೆ ಉಳಿದದ್ದು ಮೂರೇ. ತೂಗು, ಅಳೆ, ಬೇರೆ ಮಾಡು.

ಕಡ್ಡಿ ತಕ್ಕಡಿ

ಮೊದಲು ತಾಪಕೀರ್ ಗಲ್ಲಿಯಿಂದ ಅಂಗೈಯಗಲದ ಡಿಜಿಟಲ್ ತಕ್ಕಡಿ ತಂದೆ. ಬಂಗಾರದವರು ಇಟ್ಟುಕೊಳ್ಳುವಂಥದ್ದು, 0.01 ಗ್ರಾಂ ತೋರಿಸುತ್ತದೆ. ಪೆಲೆಟ್ ಡಬ್ಬಿಯ ಮೇಲೆ 0.45 ಗ್ರಾಂ ಅಂತ ಇತ್ತು. ಇಟ್ಟೆ. 0.45. ಇನ್ನೊಂದು ಇಟ್ಟೆ. 0.45. ಮೂರನೆಯದು 0.46, ಅದನ್ನೇ ಎತ್ತಿ ಮತ್ತೆ ಇಟ್ಟರೆ 0.45. ಅರ್ಥ ಇಷ್ಟೇ. ತಕ್ಕಡಿಯ ಒಂದು ಹೆಜ್ಜೆಯೇ ಪೆಲೆಟ್ ತೂಕದ ನೂರಕ್ಕೆ ಎರಡು ಭಾಗ. ಒಳ್ಳೆಯ ಡಬ್ಬಿಯಲ್ಲಿ ಪೆಲೆಟ್ಟುಗಳ ನಡುವಿನ ವ್ಯತ್ಯಾಸ ಅದಕ್ಕಿಂತ ಕಮ್ಮಿ. ಮೊಳಕೋಲಿನಲ್ಲಿ ಕೂದಲು ಅಳೆದ ಹಾಗೆ.

ಮಿಲಿಗ್ರಾಂ ತೋರಿಸುವ ತಕ್ಕಡಿಗೆ ದುಡ್ಡು ಜಾಸ್ತಿ. ಅದಕ್ಕೇ ಮನೆಯಲ್ಲಿ ಕಟ್ಟಿದೆ. ಜ್ಯೂಸ್ ಕುಡಿಯುವ ಪ್ಲಾಸ್ಟಿಕ್ ಕೊಳವೆ ಒಂದು. ನಡುಮಧ್ಯದಲ್ಲಿ, ಕೊಳವೆಯ ನಡುಗೆರೆಗಿಂತ ಒಂದು ಕೂದಲು ಮೇಲೆ, ಅಡ್ಡಲಾಗಿ ಹೊಲಿಗೆ ಸೂಜಿ ಚುಚ್ಚಿದೆ. ಸೂಜಿಯ ಎರಡು ತುದಿ ಎರಡು ಬ್ಲೇಡಿನ ಬಾಯಿಯ ಮೇಲೆ ಕೂತವು. ಕೊಳವೆಯ ಎರಡೂ ಕೊನೆಗೆ ದಾರ, ದಾರಕ್ಕೆ ಮಾತ್ರೆ ಪಟ್ಟಿಯಿಂದ ಕತ್ತರಿಸಿದ ಪುಟಾಣಿ ಬಟ್ಟಲು. ಒಂದು ಬಟ್ಟಲಿಗೆ ‘ಪಾಟೀಲ’ ಪೆಲೆಟ್. ಊರ ಗೌಡನ ಹಾಗೆ ಅದು ಅಲ್ಲೇ ಕೂತಿರುತ್ತದೆ, ಉಳಿದವು ಬಂದು ಅದಕ್ಕೆ ಹೋಲಿಸಿಕೊಂಡು ಹೋಗಬೇಕು.

ಮಿಲಿಗ್ರಾಂ ಬಟ್ಟು ಎಲ್ಲಿಂದ ತರುವುದು? ಜೆರಾಕ್ಸ್ ಅಂಗಡಿಯ ಕಾಗದ ಸಾಕು. 80 ಜಿಎಸ್‌ಎಂ ಅಂದರೆ ಒಂದು ಚದರ ಮೀಟರಿಗೆ 80 ಗ್ರಾಂ. ಹಾಗಾದರೆ ಒಂದು ಚದರ ಸೆಂಟಿಮೀಟರ್ ತುಂಡು 8 ಮಿಲಿಗ್ರಾಂ. ಅದನ್ನು ನಾಲ್ಕು ಮಾಡಿದರೆ, ಅಂದರೆ 5 ಮಿಮೀ ಚೌಕ, 2 ಮಿಲಿಗ್ರಾಂ. ಮಳೆಗಾಲದಲ್ಲಿ ಕಾಗದ ಸ್ವಲ್ಪ ತೇವ ಎಳೆದುಕೊಳ್ಳುತ್ತದೆ ನಿಜ, ನಮ್ಮ ಕೆಲಸಕ್ಕೆ ಅಷ್ಟು ಲೆಕ್ಕಕ್ಕಿಲ್ಲ. ಚಿಮಟದಿಂದ ಆ ಚೂರು ಇಟ್ಟ ಕೂಡಲೇ ಕೊಳವೆಯ ತುದಿ ಎರಡು ಕಡ್ಡಿಯಷ್ಟು ಕೆಳಗಿಳಿಯಿತು. ಹಿಂದೆ ಗೋಡೆಗೆ ಗ್ರಾಫ್ ಹಾಳೆ ಅಂಟಿಸಿದ್ದೆ. ಓದಲು ಬರುತ್ತಿತ್ತು. ಆ ಹೊತ್ತಿಗೆ ನನಗಾದ ಖುಷಿ ಹೇಳತೀರದು.

ಒಂದೇ ತೊಂದರೆ, ಫ್ಯಾನ್ ಹಾಕುವ ಹಾಗಿಲ್ಲ. ಉಸಿರು ಬಿಟ್ಟರೂ ತಕ್ಕಡಿ ಕುಣಿಯುತ್ತದೆ. ಜುಲೈ ತಿಂಗಳ ಸೆಕೆಯಲ್ಲಿ ಕಿಟಕಿ ಮುಚ್ಚಿ, ಬಾಯಿಗೆ ಕರವಸ್ತ್ರ ಕಟ್ಟಿಕೊಂಡು, ಕಾಕಾ–ಮಗಳು ಇಬ್ಬರೂ ಎರಡು ಸಂಜೆ ನೂರು ಪೆಲೆಟ್ ತೂಗಿದೆವು. ತೊಂಬತ್ತಕ್ಕೂ ಹೆಚ್ಚು ಪಾಟೀಲನಿಗಿಂತ 3 ಮಿಲಿಗ್ರಾಂ ಆಚೆ ಈಚೆ ಒಳಗೇ ಇದ್ದವು.

ಇದೆಲ್ಲ ಮೊದಲು ಶುರುವಾದದ್ದು ಊಟದ ಟೇಬಲ್ಲಿನ ಮೇಲೆ. ವೈನಿ, ಅಂದರೆ ಅಣ್ಣನ ಹೆಂಡತಿ, ಬಂದು ನೋಡಿದರು. “ಸೀಸಾ ಅಲ್ಲೇನ್ರಿ ಅದು? ಊಟಾ ಮಾಡೋ ಜಾಗಾದಾಗ? ಎದ್ದು ಗ್ಯಾಲರಿಗೆ ನಡೀರಿ ಇಬ್ರೂ.” ಬಯ್ದದ್ದು ಸರಿಯೇ ಇತ್ತು. ಸೀಸ ಕೈಗೆ ಹತ್ತುತ್ತದೆ, ಕೈಯಿಂದ ಬಾಯಿಗೆ ಹೋಗುತ್ತದೆ, ಮೈಯಲ್ಲಿ ಉಳಿಯುತ್ತದೆ. ಆಮೇಲೆ ಹಳೇ ಸ್ಟೀಲ್ ಪರಾತ ಒಂದನ್ನು ಇದಕ್ಕೇ ಅಂತ ಬೇರೆ ಇಟ್ಟೆವು. ಕೆಲಸ ಮುಗಿದ ಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸುವುದು, ಸಾಬೂನಿನಲ್ಲಿ ಕೈ ತೊಳೆಯುವುದು, ನಡುವೆ ಚಹಾ ಬಿಸ್ಕಿಟ್ ಇಲ್ಲ. ಸೀಸ ಕರಗಿಸಿ ನಾವೇ ಪೆಲೆಟ್ ಎರೆಯೋಣವೇ ಅನ್ನುವ ಹುಳ ನನ್ನ ತಲೆಯಲ್ಲಿ ಎರಡು ದಿನ ಇತ್ತು. ಮನೆಯೊಳಗೆ ಸೀಸದ ಹೊಗೆ ಅಂದರೆ ವೈನಿ ನನ್ನನ್ನು ಒಳಗೇ ಬಿಡುತ್ತಿರಲಿಲ್ಲ. ಬಿಟ್ಟೆ.

ಇಳಿಜಾರು ಗೇಜು

ತೂಕ ಸರಿಯಿದೆ ಅಂದರೆ ತಲೆಯ ಗಾತ್ರದಲ್ಲಿ ದೋಷ ಇರಬೇಕು ಅಂದುಕೊಂಡೆ. ಮ್ಯಾಚ್ ಪೆಲೆಟ್ಟುಗಳು 4.48, 4.49, 4.50 ಹೀಗೆ ತಲೆಯ ಅಳತೆ ಬರೆದ ಡಬ್ಬಿಯಲ್ಲಿ ಬರುತ್ತವೆ. ಬ್ಯಾರಲಿಗೆ ಯಾವುದು ಒಪ್ಪುತ್ತದೋ ಅದನ್ನು ತೆಗೆದುಕೊಳ್ಳುವುದು ರೂಢಿ. ಮೈಕ್ರೋಮೀಟರಿಗೆ ಹಿಡಿದರೆ ಸೀಸ ಮೆತ್ತಗೆ, ಅಪ್ಪಚ್ಚಿಯಾಗುತ್ತದೆ.

ರವಿವಾರ ಜುನಾ ಬಜಾರಿಗೆ ಹೋದೆ. ಅಲ್ಲಿ ಹಳೇ ಲೇತಿನ ಸಾಮಾನು ಗುಡ್ಡೆ ಹಾಕಿಕೊಂಡು ಕೂತವರು ಇರುತ್ತಾರೆ. ಉದ್ದನೆಯ ಎಚ್‌ಎಸ್‌ಎಸ್ ಟೂಲ್ ಬಿಟ್, ಅಂದರೆ ಲೇತಿನಲ್ಲಿ ಲೋಹ ಕತ್ತರಿಸುವ ಗಟ್ಟಿ ಉಕ್ಕಿನ ಚೌಕ ಕಂಬಿ, ಎರಡು ಸಿಕ್ಕವು. ನಾಲ್ಕೂ ಮೈ ಗ್ರೈಂಡ್ ಆಗಿ ಕನ್ನಡಿ ಹಾಗೆ ಇದ್ದವು. ಅವನ್ನು ಅಕ್ಕಪಕ್ಕ ಮಲಗಿಸಿ, ನಡುವೆ ಸಂದು ಬಿಟ್ಟು, ವರ್ಕ್‌ಶಾಪಿನ ಸ್ಲಿಪ್ ಗೇಜು (ದಪ್ಪ ಖಚಿತವಾಗಿ ಗೊತ್ತಿರುವ ಉಕ್ಕಿನ ಬಿಲ್ಲೆ) ಇಟ್ಟು ಒಂದು ಕೊನೆ 4.55, ಇನ್ನೊಂದು ಕೊನೆ 4.45 ಮಾಡಿ ಬಿಗಿದೆ. ನಡುವಿನ ದೂರ 100 ಮಿಮೀ. ಈಗ ಲೆಕ್ಕ ನೋಡಿ. 100 ಮಿಮೀ ಉದ್ದಕ್ಕೆ ಸಂದು ಕಿರಿದಾಗುವುದು 0.1 ಮಿಮೀ. ಹಾಗಾದರೆ 10 ಮಿಮೀ ಸರಿದರೆ 0.01 ಮಿಮೀ. ಪೆಲೆಟ್ಟನ್ನು ತಲೆ ಕೆಳಗೆ ಮಾಡಿ ಅಗಲದ ಕಡೆಯಿಂದ ಸಂದಿಗೆ ಇಳಿಸು, ಲಂಗ ಮೇಲೆ ಇರಲಿ, ಕಿರಿದಾಗುವ ಕಡೆ ಸರಿಸು. ತಲೆ ಸಿಕ್ಕಿಕೊಂಡ ಜಾಗವನ್ನು ಸ್ಕೇಲಿನಲ್ಲಿ ಓದು. ಸಾವಿರದ ಒಂದು ಭಾಗವನ್ನು ಕಣ್ಣಿಗೆ ಕಾಣುವ ಹಾಗೆ ಹಿಗ್ಗಿಸುವ ಈ ಉಪಾಯ ನನಗೆ ಇವತ್ತಿಗೂ ಚೆಂದ ಅನಿಸುತ್ತದೆ.

ಐಸ್ ಟ್ರೇಗೆ ನಂಬರ್ ಬರೆದು, ಇಪ್ಪತ್ತು ಪೆಲೆಟ್ ಅಳೆದು ಇಟ್ಟೆ. 4.48ರಿಂದ 4.51ರ ತನಕ ಚೆದುರಿದ್ದವು. “ಸಿಕ್ಕ ನೋಡವ್ವಾ ಕಳ್ಳ!” ಅಂದೆ.

ಹುಡುಗಿ ಜಾಣೆ. “ಕಾಕಾ, ನಂಬರ್ ನೋಡದಾ ಇನ್ನೊಮ್ಮೆ ಅಳೀರಿ” ಅಂದು, ನನಗೆ ಬೆನ್ನು ಮಾಡಿ, ಒಂದೊಂದೇ ಪೆಲೆಟ್ ಕೈಗೆ ಕೊಟ್ಟಳು. ಮೊದಲ ಸಲ 4.49 ಇದ್ದ ಏಳನೇ ನಂಬರ್ ಈ ಸಲ 4.51. ಹನ್ನೆರಡನೆಯದು 4.51 ಇದ್ದದ್ದು 4.48. ಪೆಲೆಟ್ ಪೆಲೆಟ್ಟಿಗೆ ಎಷ್ಟು ವ್ಯತ್ಯಾಸ ಇತ್ತೋ, ಅದೇ ಪೆಲೆಟ್ಟನ್ನು ಎರಡು ಸಲ ಅಳೆದರೂ ಅಷ್ಟೇ ವ್ಯತ್ಯಾಸ. ಒಂದೇ ವಸ್ತುವನ್ನು ಮತ್ತೆ ಮತ್ತೆ ಅಳೆದು ಗೇಜು ಅದೇ ಅಂಕಿ ಕೊಡುತ್ತದಾ ಅಂತ ನೋಡುವುದಕ್ಕೆ ವರ್ಕ್‌ಶಾಪಿನಲ್ಲಿ ಗೇಜ್ ಆರ್ ಅಂಡ್ ಆರ್ ಅನ್ನುತ್ತೇವೆ. ಹೊಸ ಗೇಜು ಬಂದರೆ ನಾನೇ ಬೇರೆಯವರಿಗೆ “ಮೊದಲು ಆರ್ ಅಂಡ್ ಆರ್ ಮಾಡು” ಅಂತ ಹೇಳುವವನು. ಮನೆಯಲ್ಲಿ ಮಾಡಿದ ಸಾಮಾನಿಗೆ ಅದು ನೆನಪೇ ಆಗಲಿಲ್ಲ. ನಾನೇ ಮಾಡಿದ್ದಲ್ಲವೇ, ಮುದ್ದು ಜಾಸ್ತಿ.

ಕಾರಣ ಬೆರಳಲ್ಲಿತ್ತು. ಸಂದು ಇಷ್ಟು ನಿಧಾನವಾಗಿ ಕಿರಿದಾಗುವಾಗ ಬೆರಳಿನ ಒತ್ತು ಒಂದಿಷ್ಟು ಹೆಚ್ಚಾದರೆ ಪೆಲೆಟ್ 20 ಮಿಮೀ ಮುಂದೆ ಹೋಗಿ ಸಿಕ್ಕಿಕೊಳ್ಳುತ್ತದೆ. ಆಮೇಲೆ ಗೇಜನ್ನು ಇಳಿಜಾರಿಗೆ ನಿಲ್ಲಿಸಿ, ಬೆರಳು ಮುಟ್ಟಿಸದೆ, ಪೆಲೆಟ್ ತನ್ನ ಭಾರಕ್ಕೇ ಜಾರುವ ಹಾಗೆ ಮಾಡಿದೆ. ಮೇಲಿಂದ ಪೆನ್ಸಿಲ್ಲಿನಲ್ಲಿ ಮೂರು ಸಲ ತಟ್ಟುವುದು, ಅಷ್ಟೇ. ನಾಲ್ಕು ಪೆಲೆಟ್ಟಿಗೊಮ್ಮೆ ಉಕ್ಕಿನ ಮೈ ಒರೆಸುವುದು, ಯಾಕೆಂದರೆ ಸೀಸ ಅಂಟುತ್ತದೆ. ಈಗ ಅದೇ ಪೆಲೆಟ್ ಎರಡು ಸಲಕ್ಕೂ 5 ಮಿಮೀ ಒಳಗೆ ನಿಲ್ಲತೊಡಗಿತು. ಹೀಗೆ ಅಳೆದಾಗ ಇಪ್ಪತ್ತೂ ಪೆಲೆಟ್ಟು ಒಂದಕ್ಕೊಂದು ಅಣ್ಣತಮ್ಮಂದಿರ ಹಾಗೆ ಇದ್ದವು. ಕಳ್ಳ ಅಲ್ಲಿರಲಿಲ್ಲ.

ಒಂದು ಉಪಯೋಗ ಆಯಿತು. ಫೋಟೋ ಫ್ರೇಮಿನ ಗಾಜು ಓರೆ ಹಿಡಿದು ಪೆಲೆಟ್ ಉರುಳಿಸುವುದನ್ನು ಕಲಿತೆವು. ಲಂಗ ಅಗಲ ಇರುವುದರಿಂದ ಪ್ರತಿ ಪೆಲೆಟ್ಟೂ ಕಮಾನಾಗಿ ತಿರುಗಿ ಉರುಳುತ್ತದೆ. ಲಂಗ ನಜ್ಜಾದದ್ದು ಕುಂಟುತ್ತದೆ. ಡಬ್ಬಿಯ 500ರಲ್ಲಿ ಇಂಥ ಕುಂಟು ಆರು ಸಿಕ್ಕವು, ತೆಗೆದು ಹಾಕಿದೆವು. ಹತ್ತು ನಿಮಿಷದ ಕೆಲಸ, ಕಾಸು ಖರ್ಚಿಲ್ಲ.

ಕ್ಯಾಲೆಂಡರಿನ ಹಿಂದಿನ ಲೆಕ್ಕ

ಮೂರನೇ ವಾರ ಅವಳಿಗೆ ಶೂಟಿಂಗ್ ಕಲಿಸುವ ಸರ್ ಕೇಳಿದರು, ಮರಾಠಿಯಲ್ಲಿ. ಪೆಲೆಟ್ ತಪ್ಪು ಅಂತೀರಲ್ಲ, ಏಳಕ್ಕೆ ಬೀಳಬೇಕಾದರೆ ಎಷ್ಟು ದೂರ ತಪ್ಪಬೇಕು ಗೊತ್ತಾ ನಿಮಗೆ?

ಗೊತ್ತಿರಲಿಲ್ಲ. ಮನೆಗೆ ಬಂದು ಕ್ಯಾಲೆಂಡರಿನ ಹಳೇ ಹಾಳೆ ಹರಿದು, ಹಿಂದೆ ಲೆಕ್ಕ ಹಾಕಿದೆ.

ಏರ್ ಪಿಸ್ತೂಲ್ ಗುರಿಯಲ್ಲಿ ಹತ್ತರ ವೃತ್ತದ ವ್ಯಾಸ 11.5 ಮಿಮೀ. ಆಮೇಲಿನ ಒಂದೊಂದು ಉಂಗುರವೂ 8 ಮಿಮೀ ಅಗಲ. ಪೆಲೆಟ್ಟಿನ ಅಂಚು ಗೆರೆ ತಾಗಿದರೂ ಹೆಚ್ಚಿನ ಅಂಕವೇ ಸಿಗುತ್ತದೆ. ಹಾಗಾಗಿ ಪೆಲೆಟ್ಟಿನ ನಡು, ಗುರಿಯ ನಡುವಿನಿಂದ 8 ಮಿಮೀ ಒಳಗೆ ಬಿದ್ದರೆ ಹತ್ತು. 16ರ ಒಳಗೆ ಒಂಬತ್ತು. 24ರ ಒಳಗೆ ಎಂಟು. ಏಳು ಅಂದರೆ 24ರಿಂದ 32 ಮಿಮೀ ದೂರ.

ಈಗ ತೂಕ. ಈ ಪೆಲೆಟ್ ಸೆಕೆಂಡಿಗೆ ಸುಮಾರು 150 ಮೀಟರ್ ಓಡುತ್ತದೆ. 10 ಮೀಟರ್ ದಾಟುವಷ್ಟರಲ್ಲಿ ಭೂಮಿಯ ಸೆಳೆತಕ್ಕೆ 22 ಮಿಮೀ ಇಳಿಯುತ್ತದೆ. ಪೆಲೆಟ್ ನೂರಕ್ಕೆ ಒಂದು ಭಾಗ ಭಾರ ಆದರೆ, ಅಂದರೆ ನಾಲ್ಕೂವರೆ ಮಿಲಿಗ್ರಾಂ ಜಾಸ್ತಿ ಆದರೆ, ವೇಗ ನೂರಕ್ಕೆ ಅರ್ಧ ಭಾಗ ಕಮ್ಮಿ. ಇಳಿಯುವುದು ನೂರಕ್ಕೆ ಒಂದು ಭಾಗ ಜಾಸ್ತಿ. 22 ಮಿಮೀಯಲ್ಲಿ ನೂರಕ್ಕೆ ಒಂದು, 0.22 ಮಿಮೀ.

ಕಾಲು ಮಿಲಿಮೀಟರೂ ಇಲ್ಲ! ಹುಡುಕುತ್ತಿದ್ದದ್ದು 24 ಮಿಮೀಯ ಕಳ್ಳನನ್ನು. ಫ್ಯಾನ್ ಆರಿಸಿ, ಉಸಿರು ಹಿಡಿದು ನಾನು ಹಿಡಿದದ್ದು ಸೊಳ್ಳೆಯನ್ನು. ಹತ್ತು ನಿಮಿಷದ ಈ ಲೆಕ್ಕವನ್ನು ಮೊದಲ ದಿನವೇ ಹಾಕಿದ್ದರೆ ತಕ್ಕಡಿಯೂ ಬೇಡ, ಗೇಜೂ ಬೇಡ ಆಗಿತ್ತು. ತೂಗುವುದು ನನಗೆ ಬರುತ್ತಿತ್ತು, ಅದಕ್ಕೇ ತೂಗಿದೆ.

ಅದೇ ಹಾಳೆಯಲ್ಲಿ ಇನ್ನೊಂದು ಲೆಕ್ಕ. ಅವಳ ಪಿಸ್ತೂಲಿನಲ್ಲಿ ಗುರಿ ಹಿಡಿಯಲು ಇರುವ ಮುಂದಿನ ಸೈಟಿಗೂ ಹಿಂದಿನ ಸೈಟಿಗೂ ನಡುವೆ 35 ಸೆಂಮೀ. ಗುರಿ 10 ಮೀಟರ್ ಆಚೆ. ಮುಂದಿನ ಸೈಟು ಒಂದು ಮಿಮೀ ಕದಲಿದರೆ ಗುರಿಯಲ್ಲಿ 28 ಮಿಮೀಗಿಂತ ಜಾಸ್ತಿ ತಪ್ಪುತ್ತದೆ. ಸರಿಯಾಗಿ ಏಳು. ಅಂದರೆ ಹೊಡೆಯುವ ಗಳಿಗೆಯಲ್ಲಿ ಪಿಸ್ತೂಲಿನ ಮೂತಿಯನ್ನು ಏನೋ ಒಂದು ಮಿಮೀಯಷ್ಟು ಎಳೆಯುತ್ತಿದೆ.

ಖಾತ್ರಿ ಮಾಡಿಕೊಳ್ಳಲು ಸರ್ ಅವರ ಒಪ್ಪಿಗೆ ತೆಗೆದುಕೊಂಡು ರೇಂಜಿನಲ್ಲೇ ಒಂದು ಪರೀಕ್ಷೆ ಮಾಡಿದೆವು. ಹಳೇ ಜೀನ್ಸ್ ಪ್ಯಾಂಟಿನ ಕಾಲು ಕತ್ತರಿಸಿ, ಮರಳು ತುಂಬಿ, ಬಾಯಿ ಹೊಲಿದ ದಿಂಬು ಎರಡು. ಅದರ ಮೇಲೆ ಕೈ ಊರಿ ಸರ್ ಹೊಡೆದರು. ಆರಿಸದ ಹತ್ತು ಪೆಲೆಟ್ಟು 6 ಮಿಮೀ ಒಳಗೆ. ನಾನು ತೂಗಿ ಅಳೆದು ಆರಿಸಿದ ಹತ್ತು 5 ಮಿಮೀ ಒಳಗೆ. ಎರಡೂ ಗುಂಪು ಪೂರ್ತಿ ಹತ್ತರಲ್ಲೇ. ಸರ್ ನನ್ನ ಕಡೆ ನೋಡಿ ನಕ್ಕರು, ಏನೂ ಹೇಳಲಿಲ್ಲ. ದೊಡ್ಡ ಮನುಷ್ಯ.

ಆ ಪರೀಕ್ಷೆಯಲ್ಲಿ ನಾನು ಗಮನಿಸಬೇಕಾಗಿದ್ದದ್ದು ಬೇರೆ ಇತ್ತು. ಸರ್ ಇಪ್ಪತ್ತನ್ನೂ ಬಿಡುವಿಲ್ಲದೆ ಹೊಡೆದಿದ್ದರು.

ಸಲೈನ್ ಬಾಟಲಿ

ಎಡಕ್ಕೆ ಕೆಳಗೆ ಬಿದ್ದರೆ ಬಲಗೈಯವರು ಟ್ರಿಗರ್ ಕಿತ್ತಿದ್ದಾರೆ ಅಂತಲೇ ಶೂಟಿಂಗಿನವರು ಮೊದಲು ಹೇಳುವುದು. ಇವಳಿಗೂ ಸರ್ ಹಾಗೇ ಹೇಳಿದ್ದರು. ಇವಳು ಅತ್ತಿದ್ದಳು, “ನಾ ಜಗ್ಗೂದಿಲ್ರಿ” ಅಂತ. ಅವಳ ಡೈರಿ ತೆಗೆಸಿದೆ. ಪ್ರತಿ ಹೊಡೆತವನ್ನೂ ಬರೆದಿಡುವ ಅಭ್ಯಾಸ ಅವಳಿಗೆ. ಏಳು ಬಿದ್ದ ಕಡೆಯೆಲ್ಲ ಪೆನ್ಸಿಲ್ಲಿನಲ್ಲಿ ಗುಂಡು ಸುತ್ತಿದೆ. ಹದಿನೇಳು ಏಳುಗಳಲ್ಲಿ ಹದಿಮೂರು, ಅವಳು ಪಿಸ್ತೂಲು ಕೆಳಗಿಟ್ಟು, ನೀರು ಕುಡಿದು, ಒಂದೆರಡು ನಿಮಿಷ ಕಣ್ಣು ಮುಚ್ಚಿ ನಿಂತು, ಆಮೇಲೆ ಹೊಡೆದ ಮೊದಲ ಹೊಡೆತ.

ಏರ್ ಪಿಸ್ತೂಲಿನ ಟ್ರಿಗರ್ 500 ಗ್ರಾಮಿಗಿಂತ ಹಗುರ ಇರಬಾರದು ಅಂತ ನಿಯಮ. ಸ್ಪರ್ಧೆಗೆ ಮೊದಲು ಪಿಸ್ತೂಲನ್ನು ಮೂತಿ ಮೇಲೆ ಮಾಡಿ ನಿಲ್ಲಿಸಿ, ಟ್ರಿಗರಿಗೆ 500 ಗ್ರಾಂ ಬಟ್ಟು ತೂಗುಹಾಕಿ ಎತ್ತುತ್ತಾರೆ. ಎತ್ತಿದರೆ ಪಾಸು. ಇವಳದ್ದು ಪ್ರತಿ ಸಲ ಪಾಸಾಗಿತ್ತು. ಆದರೆ ಆ ಪರೀಕ್ಷೆ ಕೇಳುವುದು 500ಕ್ಕಿಂತ ಕಮ್ಮಿ ಇದೆಯಾ ಅಂತ. ಎಷ್ಟು ಜಾಸ್ತಿ ಇದೆ, ಪ್ರತಿ ಸಲವೂ ಅಷ್ಟೇ ಇದೆಯಾ ಅಂತ ಅಲ್ಲ.

ಬಟ್ಟಿನ ಬದಲು ನೀರು ಹಾಕಿದರೆ? ಒಂದು ಲೀಟರಿನ ನೀರಿನ ಬಾಟಲಿಯ ಕುತ್ತಿಗೆಗೆ ತಂತಿ ಸುತ್ತಿ ಕೊಂಡಿ ಮಾಡಿದೆ. ಕೊಂಡಿಗೆ ಸೈಕಲ್ ವಾಲ್ವಿನ ರಬ್ಬರ್ ಹಾಕಿದೆ, ಟ್ರಿಗರಿಗೆ ಗೀರು ಬೀಳದ ಹಾಗೆ. ಮೂಲೆಯ ಮೆಡಿಕಲ್ ಅಂಗಡಿಯಿಂದ ಸಲೈನ್ ಹಾಕುವ ನಳಿಗೆ ತಂದೆ. ಅಂಗಡಿಯವರು ಬಿಜಾಪುರ ಕಡೆಯವರು, ಪರಿಚಯ. “ಯಾರಿಗ್ರೀ ಆರಾಮಿಲ್ಲಾ?” ಅಂತ ಗಾಬರಿಯಾದರು. ಪಿಸ್ತೂಲಿಗೆ ಅಂತ ಹೇಳಿದರೆ ಇನ್ನೂ ಗಾಬರಿಯಾಗುತ್ತಾರೆ ಅಂತ ಸುಮ್ಮನೆ ನಕ್ಕೆ. ಆ ನಳಿಗೆಯಲ್ಲಿ 20 ಹನಿಗೆ ಒಂದು ಮಿಲಿಲೀಟರ್. ಒಂದು ಹನಿ ಅಂದರೆ ಗ್ರಾಮಿನ ಇಪ್ಪತ್ತನೇ ಒಂದು ಭಾಗ. ಇಂಥ ನಯವಾದ ಬಟ್ಟು ಯಾವ ಬಂಗಾರದ ಅಂಗಡಿಯಲ್ಲಿ ಸಿಗುತ್ತದೆ?

ಗಾಳಿಯ ಸಿಲಿಂಡರ್ ಬಿಚ್ಚಿಟ್ಟೆವು. ಪೆಲೆಟ್ ಇಲ್ಲ, ಖಾಲಿ ಹೊಡೆತದ ಅಭ್ಯಾಸಕ್ಕೆ ಪಿಸ್ತೂಲಿನಲ್ಲೇ ಒಂದು ಕೀಲಿ ಇರುತ್ತದೆ, ಅದನ್ನು ಹಾಕಿದೆವು. ಪಿಸ್ತೂಲನ್ನು ಬಾಗಿಲಿನ ಚೌಕಟ್ಟಿಗೆ ಮೂತಿ ಮೇಲಾಗಿ ಬೆಲ್ಟಿನಲ್ಲಿ ಕಟ್ಟಿ, ಬಾಟಲಿ 480 ಗ್ರಾಂ ಆಗುವ ತನಕ ನೀರು ಹಾಕಿ ತೂಗುಬಿಟ್ಟೆವು. ನಳಿಗೆಯ ಚಕ್ರ ಸಡಿಲಿಸಿದರೆ ನೀರು ಸಣ್ಣಗೆ ಇಳಿಯುತ್ತದೆ. ‘ಟಕ್’ ಅಂದ ಕೂಡಲೇ ಚಕ್ರ ಬಿಗಿ. ಬಾಟಲಿ ಬಿಚ್ಚಿ ತಾಪಕೀರ್ ಗಲ್ಲಿಯ ತಕ್ಕಡಿಯ ಮೇಲೆ. ಪೆಲೆಟ್ಟಿಗೆ ಸಾಲದ ತಕ್ಕಡಿ ಇಲ್ಲಿ ಬೇಕಾದ್ದಕ್ಕಿಂತ ಜಾಸ್ತಿಯೇ ಆಯಿತು.

522. 528. 519. 531. ಚೆನ್ನಾಗಿತ್ತು. ಅಷ್ಟರಲ್ಲಿ ವೈನಿ ಚಹಾಕ್ಕೆ ಕರೆದರು. ಕೈ ತೊಳೆದು, ಕುಡಿದು ಬಂದು ಐದನೆಯದು ಹಾಕಿದೆವು. 540 ದಾಟಿತು, ಟಕ್ ಇಲ್ಲ. 580. 620. ಬಾಟಲಿ ಸರಿಯಾಗಿ ಸಿಕ್ಕಿಸಿದ್ದೀನಾ ಅಂತ ಬಗ್ಗಿ ನೋಡಿದೆ. ಸಿಕ್ಕಿಸಿದ್ದೆ. ಕೊನೆಗೆ 655ಕ್ಕೆ ಟಕ್ ಅಂತು.

ಕೂಡಲೇ ಮತ್ತೊಮ್ಮೆ: 525. ಮತ್ತೊಮ್ಮೆ: 527.

ಹುಡುಗಿ ನನ್ನ ಮುಖ ನೋಡಿದಳು. “ಮೂರ್ ಮಿನಿಟ್ ಬಿಡ್ರಿ ಕಾಕಾ.” ಬಿಟ್ಟೆವು. 648. ಐದು ನಿಮಿಷ ಬಿಟ್ಟೆವು. 690.

120–165 ಗ್ರಾಂ ಜಾಸ್ತಿ! 520ಕ್ಕೆ ಬಿಡುತ್ತದೆ ಅಂತ ಬೆರಳು ನಂಬಿಕೊಂಡಿರುತ್ತದೆ. ಅಲ್ಲಿ ಬಿಡದಿದ್ದರೆ ಬೆರಳು ತನಗೆ ಗೊತ್ತಿಲ್ಲದೆಯೇ ಕಿತ್ತುತ್ತದೆ, ಮೂತಿ ಒಂದು ಮಿಮೀ ಕೆಳಗೆ ಹೋಗುತ್ತದೆ. ಸರ್ ಹೇಳಿದ್ದೂ ನಿಜ, ಅವಳು ಹೇಳಿದ್ದೂ ನಿಜ. ಕಿತ್ತಿದ್ದು ಅವಳೇ. ಕೀಳುವ ಹಾಗೆ ಮಾಡಿದ್ದು ಟ್ರಿಗರ್.

ಕೆಂಪು ಅಂಟು

ಟ್ರಿಗರನ್ನು ನಾನು ಬಿಚ್ಚಲಿಲ್ಲ. ಕೈ ಕಡಿಯುತ್ತಿತ್ತು, ಆದರೂ ಬಿಚ್ಚಲಿಲ್ಲ. ಮನೆಯಲ್ಲಿ ಮಾಡುವ ಸಾಮಾನು ಅಳೆಯುವುದಕ್ಕೆ ಇರಲಿ, ಟ್ರಿಗರ್ ಮತ್ತು ಗಾಳಿಯ ಸಿಲಿಂಡರ್ ಎರಡಕ್ಕೂ ಮನೆ ರಿಪೇರಿ ಬೇಡ ಅನ್ನುವುದು ನನ್ನ ಖಚಿತ ಅಭಿಪ್ರಾಯ. ಸಿಲಿಂಡರಿನೊಳಗೆ 200 ಬಾರ್ ಒತ್ತಡ ಇರುತ್ತದೆ. ಕಾರಿನ ಟೈರಿಗಿಂತ ಎಂಬತ್ತು ಪಟ್ಟು ಅಂದುಕೊಳ್ಳಿ. ಅದರ ಮೈಮೇಲೆ ಕೊನೆಯ ತಾರೀಕು ಬರೆದಿರುತ್ತದೆ. ತಾರೀಕು ಮುಗಿದರೆ ಎಷ್ಟೇ ಹೊಳೆಯುತ್ತಿದ್ದರೂ ಬಿಟ್ಟುಬಿಡಬೇಕು.

ಸರ್ ಹೇಳಿದ ರಿಪೇರಿಯವರ ಹತ್ತಿರ ಕೊಂಡೊಯ್ದೆವು. ಅವರು ನನ್ನ ಎದುರಿಗೇ ಬಿಚ್ಚಿದರು. ಹಲ್ಲು ಹಲ್ಲು ಕಚ್ಚುವ ಜಾಗದಲ್ಲಿ ಜೇನಿನ ಹಾಗೆ ಗಟ್ಟಿಯಾದ ಎಣ್ಣೆ. ಅಲುಗಾಡುತ್ತಿದ್ದರೆ ಮೆತ್ತಗಿರುತ್ತದೆ, ಸುಮ್ಮನೆ ಬಿಟ್ಟರೆ ಅಂಟುತ್ತದೆ. ಬಣ್ಣ ಮಾತ್ರ ವಿಚಿತ್ರ. ಕೆಂಪು. ಕಡ್ಡಿಗೆ ಹತ್ತಿ ಸುತ್ತಿ ತೆಗೆದು ಬೆಳಕಿಗೆ ಹಿಡಿದರು. “ಯೇ ಕ್ಯಾ ಹೈ?” ಅಂದರು.

ಕುಂಕುಮ.

ಹಿಂದಿನ ಅಕ್ಟೋಬರಿನಲ್ಲಿ ಆಯುಧ ಪೂಜೆಗೆ ಅಣ್ಣನ ಮನೆಗೆ ಹೋಗಿದ್ದೆ. ಸ್ಕೂಟರ್, ವೈನಿಯ ಹೊಲಿಗೆ ಮಷೀನು, ನನ್ನ ಮೈಕ್ರೋಮೀಟರ್, ಎಲ್ಲದರ ಜೊತೆ ಹೊಸ ಪಿಸ್ತೂಲನ್ನೂ ಮಣೆಯ ಮೇಲೆ ಇಟ್ಟಿದ್ದರು. ಪೂಜೆಗೆ ಮೊದಲು ಆಯುಧಕ್ಕೆ ಎಣ್ಣೆ ಹಚ್ಚುವುದು ನಮ್ಮ ಮನೆಯ ಪದ್ಧತಿ. ಹೊಲಿಗೆ ಮಷೀನಿನ ಎಣ್ಣೆಯ ಬುರುಡೆಯಿಂದ ಟ್ರಿಗರಿನ ಸಂದಿಗೆ ನಾಲ್ಕು ಹನಿ ಬಿಟ್ಟವನು ನಾನು. ಭಕ್ತಿಯಿಂದ ಕುಂಕುಮ ಏರಿಸಿದವನೂ ನಾನೇ. ಹುಡುಗಿ ಅವತ್ತು “ಸರ್ ಎಣ್ಣಿ ಹಾಕಬ್ಯಾಡ ಅಂದಾರ್ರಿ” ಅಂದಿದ್ದಳು. “ಕಬ್ಬಿಣಕ್ಕ ಎಣ್ಣಿ ಹಾಕಲಾರದಾ ಹೆಂಗವ್ವಾ?” ಅಂತ ನಾನು ಬುದ್ಧಿ ಹೇಳಿದ್ದೆ. ಏಪ್ರಿಲ್ ಬೇಸಿಗೆಯ ಹೊತ್ತಿಗೆ ಆ ಎಣ್ಣೆ ಧೂಳು ಕುಡಿದು, ಕುಂಕುಮ ಕುಡಿದು, ಗಟ್ಟಿಯಾಗಿತ್ತು.

ಅಣ್ಣನಿಗೆ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಲೇ ತಮ್ಮಾ, ಮೂರ್ ವಾರ ಫ್ಯಾನ್ ಬಂದ್ ಮಾಡ್ಸಿದ್ಯಲ್ಲೋ” ಅಂದ.

ಸ್ವಚ್ಛ ಮಾಡಿಸಿ ತಂದ ಸಂಜೆ ಮತ್ತೆ ಬಾಟಲಿ ತೂಗುಹಾಕಿದೆವು. ಇಪ್ಪತ್ತು ಸಲ, ನಡುವೆ ಬೇಕಂತಲೇ ಹತ್ತು ನಿಮಿಷದ ಬಿಡುವು ಕೊಟ್ಟು. ಎಲ್ಲ 515ರಿಂದ 529ರ ಒಳಗೆ. ಆಗಸ್ಟಿನಲ್ಲಿ ಅವಳು 548 ಹೊಡೆದಳು, ಸೆಪ್ಟೆಂಬರಿನಲ್ಲಿ 553. ಏಳು ಪೂರ್ತಿ ನಿಂತಿಲ್ಲ. ಎರಡು ಮ್ಯಾಚಿಗೆ ಒಂದು ಬೀಳುತ್ತದೆ, ಅದೂ ಒಮ್ಮೆ ಬಲಕ್ಕೆ, ಒಮ್ಮೆ ಮೇಲೆ. “ಅದು ನಂದಾ ಐತಿ ಬಿಡ್ರಿ ಕಾಕಾ” ಅನ್ನುತ್ತಾಳೆ.

ಕಡ್ಡಿ ತಕ್ಕಡಿಯನ್ನು ಪಕ್ಕದ ಮನೆಯ ಹುಡುಗ ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಒಯ್ದ, ವಾಪಸ್ ಬಂದಿಲ್ಲ. ಇಳಿಜಾರು ಗೇಜು ನನ್ನ ಟೇಬಲ್ಲಿನ ಮೇಲೆ ಕಾಗದ ಹಾರದ ಹಾಗೆ ಕೂತಿದೆ. ನಾನು ಅಷ್ಟು ಕಷ್ಟಪಟ್ಟು ಆರಿಸಿ ಇಟ್ಟ ಪೆಲೆಟ್ಟುಗಳನ್ನು ಅವಳು ಡಬ್ಬಿಯ ಉಳಿದವುಗಳ ಜೊತೆ ಬೆರೆಸಿ ಹೊಡೆದು ಮುಗಿಸಿದಳು. ಗಾಜಿನ ಮೇಲೆ ಉರುಳಿಸುವುದನ್ನು ಮಾತ್ರ ಬಿಟ್ಟಿಲ್ಲ. ಬಾಟಲಿಯನ್ನು ಪ್ರತಿ ತಿಂಗಳ ಮೊದಲ ರವಿವಾರ ಇಳಿಸುತ್ತೇವೆ, ಡೈರಿಯ ಕೊನೆಯ ಪುಟದಲ್ಲಿ ಅದರ ಅಂಕಿ ಬರೆಯುತ್ತೇವೆ. ಆ ವರ್ಷದ ಆಯುಧ ಪೂಜೆಗೆ ಪಿಸ್ತೂಲನ್ನು ಅದರ ಡಬ್ಬದಲ್ಲೇ ಇಟ್ಟು, ಡಬ್ಬಕ್ಕೆ ಕುಂಕುಮ ಹಚ್ಚಿದೆವು.

ಕಳೆದ ತಿಂಗಳು ಸರ್ ಫೋನ್ ಮಾಡಿದ್ದರು. ಇನ್ನೊಬ್ಬ ಹುಡುಗನ ಪಿಸ್ತೂಲು ನೋಡಬೇಕಂತೆ, ಅಂಥದ್ದೇ ಒಂದು ಬಾಟಲಿ ಮಾಡಿಕೊಡಿ ಅಂದರು. ಸಲೈನ್ ನಳಿಗೆಗೆ ಮತ್ತೆ ಅದೇ ಮೆಡಿಕಲ್ ಅಂಗಡಿಗೆ ಹೋದೆ. ಅಂಗಡಿಯವರು ನಳಿಗೆ ಕೈಗೆ ಕೊಡುತ್ತಾ ಮೆಲ್ಲಗೆ ಕೇಳಿದರು, “ಇನ್ನೂ ಆರಾಮ್ ಆಗಿಲ್ಲೇನ್ರಿ ಅವರಿಗೆ?”